ಹಡಗು ಹತ್ತದೆ ಪಿರೇಯಸ್ ತಲುಪಿದ ನಮ್ಮ ಬನಶ್ರೀ

ಗ್ರೀಸ್ ದೇಶದ ನಾಕ್ಸೊಸ್ ದ್ವೀಪದ ಹಡಗುಕಟ್ಟೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಟಿಕೆಟ್ ಯಂತ್ರದವರೇ,

ಉಪ್ಪುಗಾಳಿಗೆ ತಮ್ಮ ಮೈ ತುಕ್ಕು ಹಿಡಿಯದಿರಲಿ, ಕರೆಂಟು ಸದಾ ಹರಿಯುತ್ತಿರಲಿ ಎಂದು ಹಾರೈಸುತ್ತಾ, ಹಿಂದೂಪುರದ ಮಗ್ಗದ ಬೀದಿಯಿಂದ ಪದ್ಮಾವತಮ್ಮ ಮಾಡುವ ನಮಸ್ಕಾರಗಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ತಮ್ಮಂಥ ವಿದ್ಯಾವಂತರಿಗೆ ಬರೆಯುತ್ತಿರುವುದನ್ನು ಮನ್ನಿಸಬೇಕು.

ನನ್ನ ಮೊಮ್ಮಗಳು ಬನಶ್ರೀ ತಮ್ಮ ದ್ವೀಪದ ಹೋಟೆಲಿನಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಅವಳ ಗಂಡ, ಕಲ್ಯಾಣದುರ್ಗದ ಮುರಳೀಕೃಷ್ಣ, ಸರಕು ಹಡಗಿನಲ್ಲಿ ಅಡುಗೆ ಮಾಡುತ್ತಾನೆ. ಮದುವೆಯಾಗಿ ಹದಿನಾಲ್ಕು ತಿಂಗಳಾದರೂ ಇಬ್ಬರೂ ಒಂದೇ ಮನೆಯಲ್ಲಿದ್ದದ್ದು ಹನ್ನೊಂದು ದಿನ. ಹೋದ ತಿಂಗಳು ಅವನ ಹಡಗು ಪಿರೇಯಸ್ ಎಂಬ ದೊಡ್ಡ ಬಂದರಿನಲ್ಲಿ ಮಂಗಳವಾರ, ಬುಧವಾರ ಎರಡು ದಿನ ನಿಲ್ಲುತ್ತದೆಂದು ತಿಳಿದು, ಇವಳು ರಜೆ ಬೇಡಿ ಮಂಗಳವಾರದ ಹಡಗಿಗೆ ಹೋಗಿಬರುವ ಟಿಕೆಟ್ ತೆಗೆದಳು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಮಂಗಳವಾರ ಉತ್ತರ ದಿಕ್ಕಿಗೆ ಶೂಲ, ಆ ಕಡೆ ಹೊರಡಬಾರದು; ಪಿರೇಯಸ್ ಇರುವುದೂ ಉತ್ತರಕ್ಕೆ. ಇಂಥ ಇಕ್ಕಟ್ಟಿಗೆ ನಮ್ಮಲ್ಲಿ ಪ್ರಸ್ಥಾನ ಇಡುವುದೆಂದು ಒಂದು ಪದ್ಧತಿ ಉಂಟು. ಒಳ್ಳೆಯ ದಿನವೇ ಗಂಟನ್ನು ಬೇರೆಯವರ ಮನೆಯಲ್ಲಿಟ್ಟುಬಿಟ್ಟರೆ ಪ್ರಯಾಣ ಆಗಲೇ ಹೊರಟಂತೆ, ಮನುಷ್ಯರು ನಿಧಾನವಾಗಿ ಹಿಂದೆ ಹೋಗಬಹುದು. ಕಲ್ಯಾಣದುರ್ಗಕ್ಕೆ ಸಂಬಂಧ ನೋಡಲು ಹೊರಟಾಗಲೂ ನಾನು ಹಿಂದಿನ ದಿನ ಪಕ್ಕದ ಬೀದಿಯ ಸಣ್ಣಕ್ಕನ ಮನೆಯಲ್ಲಿ ಚೀಲ ಇಟ್ಟಿದ್ದೆ. ಅದೇ ಧೈರ್ಯದಿಂದ, ಸೋಮವಾರವೇ ಚೀಲವನ್ನು ಹಡಗಿನ ಆಫೀಸಿಗೆ ಒಪ್ಪಿಸೆಂದು ಬನಶ್ರೀಗೆ ಫೋನಿನಲ್ಲಿ ಹೇಳಿದೆ. ಅವಳು ಒಪ್ಪಿಸಿದಳು, ತಾವು ಅವಳ ಟಿಕೆಟ್ಟನ್ನು ಒಮ್ಮೆ ಮೂಸಿ, ಕೆಂಪು ದೀಪ ಹೊಳೆಸಿ, ಚೀಲವನ್ನು ಆವತ್ತೇ ಹಡಗಿಗೆ ಹತ್ತಿಸಿದಿರಿ.

ಮರುದಿನ ಬೆಳಿಗ್ಗೆ ಕಟ್ಟೆಯಿಂದ ಅವಳ ಫೋನು. “ಅಜ್ಜೀ, ನಾನು ನೆನ್ನೇನೇ ಹೋಗ್ಬುಟ್ಟಿದೀನಂತೆ ಕಣಜ್ಜಿ. ಇಲ್ಲೇ ನಿಂತಿದೀನಿ ಅಂದ್ರೂ ಯಂತ್ರ ನಂಬ್ತಿಲ್ಲ.” ಹೊಸ ಟಿಕೆಟ್ ಕೇಳಿದರೆ, ಈಗಾಗಲೇ ಪಿರೇಯಸ್ಸಿನಲ್ಲಿರುವವರಿಗೆ ಇಲ್ಲಿಂದ ಟಿಕೆಟ್ ಕೊಡಲು ಬರುವುದಿಲ್ಲವೆಂದು ತಾವು ವಿನಯದಿಂದ ತಿಳಿಸಿದಿರಂತೆ. ಬುಧವಾರ ಗಾಳಿ ಎದ್ದು ಹಡಗುಗಳೇ ಹೊರಡಲಿಲ್ಲ.

ನಮ್ಮ ಪದ್ಧತಿಯನ್ನು ನನ್ನ ಸೊಸೆ ಮೂವತ್ತು ವರ್ಷದಿಂದ ಗೇಲಿ ಮಾಡುತ್ತಿದ್ದಾಳೆ. ಸಾವಿರಾರು ಮೈಲಿ ಆಚೆಯ ತಾವು ಮಾತ್ರ ಶ್ರದ್ಧೆಯಿಂದ, ಚೀಲ ಹೋದರೆ ಮನುಷ್ಯರು ಹೋದಂತೆಯೇ ಎಂದು ಬರೆದುಕೊಂಡಿರಿ. ನಮ್ಮ ಲೇಪಾಕ್ಷಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವೆ, ಆದರೆ ಕಂಡಕ್ಟರ್ ಹಾಲೇಶ್ ಒಂದು ದಿನವೂ ಟವೆಲ್ಲಿಗೆ ಟಿಕೆಟ್ ಹರಿದು, ನಿಂತವರನ್ನು ಕೆಳಗಿಳಿಸಿದ್ದಿಲ್ಲ. ಪಾಪ, ಅವನಿಗೆ ತಮ್ಮಷ್ಟು ತಿಳಿವಳಿಕೆ ಇಲ್ಲ.

ಪಿರೇಯಸ್ಸಿನಲ್ಲಿ ಮುರಳೀಕೃಷ್ಣ, ಗಡ್ಡ ತೆಗೆಸಿ, ಹೊಸ ಅಂಗಿ ತೊಟ್ಟು, ಇಳಿಯುವ ಪ್ರತಿಯೊಬ್ಬರ ಮುಖ ನೋಡುತ್ತಾ ನಿಂತಿದ್ದನಂತೆ. ಕೊನೆಗೆ ಅಲ್ಲಿಯ ಹಡಗಿನ ಆಫೀಸಿನಲ್ಲಿ ಅವನ ಕೈಗೆ ಸಿಕ್ಕಿದ್ದು ಚೀಲ. “ಸಂಚಿ ವಚ್ಚಿಂದವ್ವಾ, ಮನಿಷಿ ರಾಲೇದು” ಅಂದ ನನಗೆ ಫೋನಿನಲ್ಲಿ. ಚೀಲ ಬಂತು, ಮನುಷ್ಯರು ಬರಲಿಲ್ಲ ಎಂದು ತೆಲುಗಿನಲ್ಲಿ ಹೇಳಿದ್ದು. ಎರಡು ದಿನ ಅದರೊಳಗಿನ ನಿಪ್ಪಟ್ಟು ತಿಂದು, ಬುಧವಾರ ಸಂಜೆ ತನ್ನ ಹಡಗು ಹತ್ತಿಕೊಂಡ. ಅದು ಮತ್ತೆ ಆ ಕಡೆ ಬರುವುದು ಯಾವಾಗಲೋ ಅವನಿಗೂ ಗೊತ್ತಿಲ್ಲ.

ಗುರುವಾರ ತಾವು ಬನಶ್ರೀಯ ಫೋನಿಗೆ ಒಂದು ಓಲೆ ಕಳಿಸಿದಿರಿ. ಪಿರೇಯಸ್ಸಿನಿಂದ ವಾಪಸು ಬರುವ ಹಡಗನ್ನು ಅವಳು ತಪ್ಪಿಸಿಕೊಂಡಿದ್ದಾಳೆ, ಇನ್ನೂ ಅಲ್ಲಿಯೇ ಉಳಿದಿದ್ದಾಳೆ ಎಂದು. ಅದನ್ನು ಓದಿ ಹುಡುಗಿ ಎರಡು ದಿನದ ಮೇಲೆ ಮೊದಲ ಸಲ ಅತ್ತಳು.

ಆದ್ದರಿಂದ ಮಾನ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ದಯವಿಟ್ಟು ಆ ಬರಹವನ್ನು ಅಳಿಸಬೇಡಿ. ಅವಳನ್ನು ವಾಪಸು ಕರೆತರಲೂ ಬೇಡಿ. ಸಾಧ್ಯವಾದರೆ ಅವನ ಹಡಗೂ ಅಲ್ಲಿಂದ ಹೊರಟಿಲ್ಲವೆಂದು ಒಂದು ಸಾಲು ಸೇರಿಸಿಬಿಡಿ. ಎಲ್ಲಿಯೂ ಆಗದ ಸಂಸಾರ ತಮ್ಮ ಹೊಟ್ಟೆಯೊಳಗಾದರೂ ಆಗಲಿ.

ತಮ್ಮ ವಿಶ್ವಾಸಿ,
ಪದ್ಮಾವತಮ್ಮ

ತಾ.ಕ.: ಮುಂದಿನ ಸಲ ಪ್ರಸ್ಥಾನಕ್ಕೆ ತಮಗೆ ತೊಂದರೆ ಕೊಡುವುದಿಲ್ಲ. ಹೋಟೆಲಿನ ಹಿಂದಿನ ಮನೆಯ ಮುದುಕಿ ತನ್ನ ಕೊಟ್ಟಿಗೆಯಲ್ಲಿ ಚೀಲ ಇಟ್ಟುಕೊಳ್ಳಲು ಒಪ್ಪಿದ್ದಾಳೆ. ಅಲ್ಲಿ ಯಂತ್ರವಿಲ್ಲ, ಒಂದು ಕತ್ತೆ ಇದೆಯಂತೆ. ಅದಕ್ಕೆ ಚೀಲ ಯಾವುದು, ಮನುಷ್ಯರು ಯಾರು ಎಂದು ಬೇರೆಬೇರೆಯಾಗಿ ಗೊತ್ತಂತೆ.