ಒಂದೇ ಹನಿ ಎಣ್ಣೆ

ಬಂದೂಕು ಒರೆಸಿದ ಬಟ್ಟೆ ಹೆಂಡತಿಯ ಹೊಸ ಕುಪ್ಪಸದ ಖಣ ಎಂಬುದು ಮರಿಬಸಪ್ಪನಿಗೆ ಗೊತ್ತಾದದ್ದು, ಚೆನ್ನಾಗಿ ಒರೆಸಿ ಮುಗಿಸಿದ ಮೇಲೆ. ಅಷ್ಟರಲ್ಲಿ ಇನ್ನೊಂದು ಅನಾಹುತವೂ ಆಗಿಹೋಗಿತ್ತು. ಅವನು ಮಾಳಿಗೆಯ ಮೂಲೆಯಲ್ಲಿ ತಲೆ ತಗ್ಗಿಸಿ ನಳಿಗೆ ತಿಕ್ಕುತ್ತಿದ್ದಾಗ, ಕುರುಗೋಡಿನ ಗುಡ್ಡದಿಂದ ಇಳಿದ ಮಂಗಗಳ ಹಿಂಡು ಅವನ ಬೆನ್ನ ಹಿಂದೆಯೇ ಪಂಕ್ತಿಯಾಗಿ ಕೂತು, ದಾಕ್ಷಾಯಣಿ ನಸುಕಿನಲ್ಲೆದ್ದು ಇಟ್ಟಿದ್ದ ಅಕ್ಕಿ ಸಂಡಿಗೆಯನ್ನು ಅರ್ಧ ತಿಂದು, ಉಳಿದರ್ಧವನ್ನು ತುಳಿದು ಹೋಗಿತ್ತು.

ಮರಿಬಸಪ್ಪನದು ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ. ವಾರಕ್ಕೊಂದು ರಜೆ. ಬೇಸಿಗೆ ಬಂತೆಂದರೆ ಆ ರಜೆಯೂ ಅವನದಲ್ಲ. ತಲೆಗೆ ಟವೆಲ್ ಸುತ್ತಿ, ಬಿದಿರು ಕೋಲು ಹಿಡಿದು, ಸಂಜೆಯವರೆಗೆ ಮಾಳಿಗೆಯ ಮೇಲೆ ಸಂಡಿಗೆ ಕಾಯಬೇಕು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಸಂಡಿಗೆಗಿಂತ ಮೊದಲು ಕಾಯುವವನೇ ಒಣಗುತ್ತಾನೆ. ಹಿತ್ತಲಿನ ಬೇವಿನ ಮರದ ಕೆಳಗೆ ಹೊರಸು ಹಾಕಿ ಒಂದು ಮಧ್ಯಾಹ್ನ ಮಲಗಬೇಕೆಂಬುದು ಅವನ ಬಹುದಿನದ ಆಸೆ.

ಇನ್ನು ಆ ಏರ್ ಗನ್ನು. ಅವನ ಅಪ್ಪ ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ನಳಿಗೆಯನ್ನು ನಡುವಿಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಮುದುರಿ ಕೂರುತ್ತದೆ. ಕುದುರೆ ಎಳೆದರೆ ಬಿಚ್ಚಿಕೊಂಡು ಗಾಳಿಯನ್ನು ದಬ್ಬುತ್ತದೆ, ಗಾಳಿ ಛರ್ರೆ ಎಂಬ ಸೀಸದ ಪುಟ್ಟ ಗುಂಡನ್ನು ದಬ್ಬುತ್ತದೆ. ಮಗನಿಗೆ ಬಂದೂಕಿನ ಜೊತೆ ಅಪ್ಪ ಒಂದು ಮಾತನ್ನೂ ಬಿಟ್ಟುಹೋಗಿದ್ದ: "ಚರ್ಮದ ವಾಷರಿಗೆ ಒಂದೇ ಹನಿ ಎಣ್ಣಿ ಹಾಕ್ಬೇಕಲೇ. ಹೆಚ್ಚಾತಂದ್ರ ಒಮ್ಮೆ ಗುಡುಗತೈತಿ, ಆಮ್ಯಾಲೆ ಎಂದೂ ಬಾಯಿ ಬಿಡಂಗಿಲ್ಲ." ಆ ಮಾತನ್ನು ಮರಿಬಸಪ್ಪ ಇಷ್ಟಲಿಂಗದಷ್ಟೇ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ.

ದಾಕ್ಷಾಯಣಿ ಮೇಲೆ ಬಂದಳು. ಸಂಡಿಗೆ ನೋಡಿದಳು. ಖಣ ನೋಡಿದಳು.

"ನಮ್ಮ ದೇಶನೂರಿನ ಅಕ್ಕಿರೀ ಇದು. ನಮ್ಮವ್ವ ಆರಿಸಿ ಕಳ್ಸಿದ್ದು," ಎಂದಳು. "ಸಂಜಿಗೆ ಗುಜರಿ ಪಕ್ಕೀರಪ್ಪ ಗಾಡಿ ತಗೊಂಡು ಬರ್ತಾನ. ಅಷ್ಟರಾಗ ಈ ಬಂದೂಕು ಮಂಗ್ಯಾಗಳನ್ನ ಓಡಿಸಿದ್ರ ಮನ್ಯಾಗ ಇರತೈತಿ. ಇಲ್ಲಾಂದ್ರ ಅವನ ಗಾಡ್ಯಾಗ ಹೊಕ್ಕತಿ."

"ಅಲ್ಲಬೇ, ಹನುಮಪ್ಪನ ವಂಶ ಅವು. ಹೊಡಿಬಾರ್ದು."

"ಹೊಡೀರಿ ಅಂದ್ನೇನು? ಹೆದರಿಸ್ರಿ!"

ಉಳಿದ ಹಿಟ್ಟಿನಿಂದ ಹಳೆಯ ಸೀರೆಯ ಮೇಲೆ ಮತ್ತೆ ಸಂಡಿಗೆ ಇಟ್ಟು ಅವಳು ಕೆಳಗಿಳಿದಳು.

ಮರಿಬಸಪ್ಪ ಒಂದು ಖಾಲಿ ಎಣ್ಣೆ ಡಬ್ಬವನ್ನು ನೀರಿನ ಟ್ಯಾಂಕಿನ ಮೇಲಿಟ್ಟ. ಮಂಗಗಳು ಬಂದಾಗ ಅದಕ್ಕೆ ಹೊಡೆದರೆ ಸದ್ದಿಗೆ ಓಡುತ್ತವೆ ಎಂಬುದು ಅವನ ಲೆಕ್ಕ. ಹಿಂಡು ಬಂತು. ಮುಂದೆ ಹರಿದ ಕಿವಿಯ ಗಡವ. ಮರಿಬಸಪ್ಪ ಒಂದು ಕಣ್ಣು ಮುಚ್ಚಿ ಕುದುರೆ ಎಳೆದ.

ಟಪ್. ಮುದುಕಿ ಹಪ್ಪಳ ಮುರಿದ ಹಾಗೆ.

ಛರ್ರೆ ಡಬ್ಬಕ್ಕೇನೋ ತಾಗಿತು. ಹರಿದ ಕಿವಿಯದು ಡಬ್ಬವನ್ನು ನೋಡಿತು, ಮರಿಬಸಪ್ಪನನ್ನು ನೋಡಿತು. ಟ್ಯಾಂಕು ಹತ್ತಿ ಡಬ್ಬದೊಳಗೆ ಇಣುಕಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಅವನ ಕಾಲಬುಡಕ್ಕೇ ಎಸೆಯಿತು. ಅಕ್ಕಪಕ್ಕದ ಮಾಳಿಗೆಗಳಲ್ಲಿ ನಗೆ ಎದ್ದಿತು. ಮರಿಬಸಪ್ಪ ಬಿದಿರು ಕೋಲು ಬೀಸಿ ಹಿಂಡನ್ನು ಪಕ್ಕದ ಗೋಡೆಯವರೆಗೆ ಅಟ್ಟಿದ. ಅಲ್ಲೇ ಕೂತು ಅವು ಹೇನು ನೋಡಿಕೊಳ್ಳತೊಡಗಿದವು.

ಕುರುಗೋಡಿನಲ್ಲಿ ಒಬ್ಬನ ತಾಪತ್ರಯವೆಂದರೆ ಓಣಿಗೆಲ್ಲ ಸೇರಿದ್ದು. ಮೊದಲು ಬಂದವನು ಎದುರುಮನೆಯ ತಿಪ್ಪೇಸ್ವಾಮಿ, ಲಾರಿ ಓಡಿಸಿ ನಿವೃತ್ತನಾದವನು. ಕೈಯಲ್ಲಿ ಡೀಸೆಲ್ ಸೀಸೆ.

"ಲೇ ಮರಿಬಸ, ಸ್ಪ್ರಿಂಗ್ ಬಿಗಿ ಹಿಡದೈತಿ. ಎರಡು ಮುಚ್ಚಳ ಡೀಸೆಲ್ ಬಿಡು. ಲಾರೀನ ಓಡತೈತಿ, ಇದ್ಯಾವ ಲೆಕ್ಕ?"

"ಬ್ಯಾಡಣ್ಣ, ಒಂದೇ ಹನಿ ಎಣ್ಣಿ ಅಂತ ನಮ್ಮಪ್ಪ..."

"ಒಂದು ಹನಿ ಯಾವ ಮೂಲಿಗೋ?" ಎನ್ನುತ್ತ ಮಿಷನ್ ಎಣ್ಣೆಯ ಡಬ್ಬಿ ಹಿಡಿದು ಮೆಟ್ಟಿಲೇರಿ ಬಂದವನು ಟೇಲರ್ ದೊಡ್ಡಬಸವರಾಜ. "ಹೊಲಿಗಿ ಮಿಷನ್ನಿಗೆ ನಾನು ದಿನಾ ಹಾಕ್ತೀನಿ. ಎಣ್ಣಿ ಕಂಡ್ರ ಕಬ್ಬಿಣ ನಗತೈತಿ."

ಇಬ್ಬರನ್ನೂ ತಡೆಯುತ್ತಿರುವಾಗಲೇ ಹಿಂದಿನ ಮನೆಯ ಎರ್ರಮ್ಮ ಹರಳೆಣ್ಣೆ ಬಾಟಲಿ ಹಿಡಿದು ಬಂದಳು. ಮಗುವಿನ ಹೊಟ್ಟೆನೋವಿನಿಂದ ಬಾಗಿಲ ಕಿರುಗುಟ್ಟುವಿಕೆಯವರೆಗೆ ಅವಳ ಔಷಧ ಅದೊಂದೇ. "ಅಬ್ಬಬ್ಬ, ಎಷ್ಟು ಒಣಗೈತೋ ಪಾಪ!" ಎಂದು ಬಂದೂಕಿನ ಹಿಡಿ ಸವರಿದಳು. ಮರಿಬಸಪ್ಪ ಅವಳ ಕಡೆ ತಿರುಗಿದ, ಟೇಲರ್ ಹೊಯ್ದ. ಟೇಲರ್ ಕಡೆ ತಿರುಗಿದ, ತಿಪ್ಪೇಸ್ವಾಮಿ ಸುರಿದ. ತಿಪ್ಪೇಸ್ವಾಮಿಯ ಕೈ ಹಿಡಿದ, ಎರ್ರಮ್ಮ ನಿಧಾನವಾಗಿ, ಕೂಸಿಗೆ ಕುಡಿಸಿದಂತೆ, ಉಳಿದದ್ದನ್ನೆಲ್ಲ ನಳಿಗೆಗೆ ಕುಡಿಸಿದಳು.

"ಒರಸ್ತೀನಿ ತಡೀರಿ!" ಎಂದು ಮರಿಬಸಪ್ಪ ಬಟ್ಟೆ ಹುಡುಕಿದ. ಕೈಗೆ ಸಿಕ್ಕದ್ದು ಮತ್ತೆ ಅದೇ ಖಣ. ಅದನ್ನು ಮುಟ್ಟುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಕೆಳಗೆ ಪಕ್ಕೀರಪ್ಪನ ಗಾಡಿಯ ಗಂಟೆ ಕೇಳಿತು. ಹಳೇ ಕಬ್ಬಿಣ, ಹಳೇ ಪೇಪರ್ ಎಂದು ಕೂಗುತ್ತ ಅವನು ಮನೆಯ ಮುಂದೆಯೇ ನಿಂತ. ಇತ್ತ ಹರಿದ ಕಿವಿಯದು ಹಿಂಡು ಕಟ್ಟಿಕೊಂಡು ಸಂಡಿಗೆಯತ್ತ ಧುಮುಕಿತು. ದಾಕ್ಷಾಯಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲ ಮೇಲೆ ಕಾಣಿಸಿಕೊಂಡಳು.

"ಅಪ್ಪಾ, ತಪ್ಪಾತಪ್ಪಾ," ಎಂದು ಮರಿಬಸಪ್ಪ ನಳಿಗೆಯನ್ನು ಬಗ್ಗಿಸಿ ನೆಟ್ಟಗೆ ಮಾಡಿ, ಕಣ್ಣೆರಡೂ ಮುಚ್ಚಿ, ಅದನ್ನು ಆಕಾಶಕ್ಕೆತ್ತಿ ಕುದುರೆ ಎಳೆದ.

ಢಂ!

ಅಪ್ಪ ಹೇಳಿದ್ದ ಗುಡುಗು ಅದೇ. ಒಳಗಿನ ಎಣ್ಣೆಯೆಲ್ಲ ಗಾಳಿಯ ಒತ್ತಡಕ್ಕೆ ಭಗ್ಗನೆ ಹೊತ್ತಿ, ನಳಿಗೆಯಿಂದ ನೀಲಿ ಹೊಗೆ ಸುರುಳಿಸುರುಳಿಯಾಗಿ ಎದ್ದಿತು. ಓಣಿಯ ತುಂಬ ಹರಳೆಣ್ಣೆ ಸುಟ್ಟ ವಾಸನೆ. ತಿಪ್ಪೇಸ್ವಾಮಿ ನಿಂತಲ್ಲೇ ಕುಕ್ಕರಿಸಿದ. ಮಂಗಗಳು ಬಾಲ ನೆಟ್ಟಗೆ ಮಾಡಿಕೊಂಡು ಗುಡ್ಡದ ತುದಿ ಮುಟ್ಟುವವರೆಗೆ ಒಮ್ಮೆಯೂ ಹಿಂದೆ ನೋಡಲಿಲ್ಲ. ಎಲ್ಲಕ್ಕಿಂತ ಮುಂದೆ ಓಡುತ್ತಿದ್ದದ್ದು ಹರಿದ ಕಿವಿಯದು.

ಮುಂದಿನದೆಲ್ಲ ಜಾತ್ರೆಯಂತೆ ನಡೆಯಿತು. ದಾಕ್ಷಾಯಣಿ ಬಂದೂಕಿಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದಳು. "ಮಾವಾರು ಸುಮ್ನ ತಂದಿದ್ದಿಲ್ಲ ಬಿಡ್ರಿ ಇದನ್ನ," ಎಂದು ಗಂಡನನ್ನು ನೋಡಿ ನಕ್ಕಳು. ಅಂಥ ನಗು ಮರಿಬಸಪ್ಪ ಮದುವೆಯ ಫೋಟೋದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಪಕ್ಕೀರಪ್ಪನನ್ನು ಓಣಿಯವರೇ ಬೈದು ಕಳಿಸಿದರು. ಮರಿಬಸಪ್ಪನಿಗೆ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಅಪ್ಪನ ಬಂದೂಕು ಉಳಿಯಿತು, ಮಾನವೂ ಉಳಿಯಿತು.

ಎಲ್ಲರೂ ಹೋದ ಮೇಲೆ ಅವನು ಹಾರ ಸರಿಸಿ ನಳಿಗೆಯನ್ನು ಬಗ್ಗಿಸಿದ. ಅದು ಕತ್ತು ಮುರಿದ ಕೋಳಿಯಂತೆ ಜೋತುಬಿತ್ತು. ಒಳಗೆ ಸ್ಪ್ರಿಂಗಿನ ತುಂಡುಗಳು ಚಿಪ್ಪಿನೊಳಗಿನ ಒಣಕೊಬ್ಬರಿಯಂತೆ ಗಡಗಡ ಉರುಳಿದವು. ಹೇಳಿದರೆ ನಾಳೆಯೇ ಪಕ್ಕೀರಪ್ಪನ ಗಾಡಿ. ಮರಿಬಸಪ್ಪ ನಳಿಗೆಯನ್ನು ಮೆಲ್ಲಗೆ ಮುಚ್ಚಿ, ಹಾರವನ್ನು ಸರಿಮಾಡಿ, ಬಾಯಿಗೆ ಬೀಗ ಹಾಕಿಕೊಂಡ.

ಮುಂದಿನ ರಜೆಯ ದಿನ ಬೇವಿನ ಕೆಳಗೆ ಹೊರಸು ಹಾಕಿ ಇನ್ನೇನು ಮಲಗಬೇಕು, ದಾಕ್ಷಾಯಣಿ ಬಂದೂಕು ತಂದು ಕೈಗಿಟ್ಟಳು. "ಹೊಡಿಯೋದೇನೂ ಬ್ಯಾಡ್ರಿ. ಹಿಡಕೊಂಡು ಕುಂತ್ರ ಸಾಕು, ಕಂಡ್ರ ಬರಂಗಿಲ್ಲ ಅವು. ಓಣ್ಯಾಗ ಎಲ್ಲಾರ್ಗೂ ಮಾತು ಕೊಟ್ಟೀನಿ."

ಮೇಲೆ ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ತಿಪ್ಪೇಸ್ವಾಮಿಯ ಮನೆಯ ಹಪ್ಪಳ, ಟೇಲರ್ ಮನೆಯ ಶೇಂಗಾ, ಎರ್ರಮ್ಮನ ಹುಣಸೆಹಣ್ಣು. ಮರಿಬಸಪ್ಪ ತಲೆಗೆ ಟವೆಲ್ ಸುತ್ತಿ ನಡುವೆ ಕೂತ. ಬಿದಿರು ಕೋಲು ಎಷ್ಟು ಹಗುರವಿತ್ತೆಂದು ಅವನಿಗೆ ಆಗ ತಿಳಿಯಿತು.

ಮಧ್ಯಾಹ್ನ ಟ್ಯಾಂಕಿನ ಹಿಂದಿನಿಂದ ಒಂದು ಹರಿದ ಕಿವಿ ಮೂಡಿತು. ಮರಿಬಸಪ್ಪ ಬಂದೂಕು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ಇದ್ದ ಬಲವನ್ನೆಲ್ಲ ಗಂಟಲಿಗೆ ತಂದು ಕೂಗಿದ: "ಢಂ!"

ಮಂಗ ಮಾಯವಾಯಿತು. ಕೆಳಗಿನಿಂದ ತಿಪ್ಪೇಸ್ವಾಮಿ ಅರಚಿದ, "ಭಲೇ ಬಂದೂಕು! ಎಲ್ಲಾ ನನ್ನ ಡೀಸೆಲ್ಲಿನ ಮಹಿಮಿ!"

ಮಂಗಗಳು ಇಣುಕಿದಾಗಲೆಲ್ಲ ಢಂ ಎಂದು ಕೂಗಿ ಕೂಗಿ, ಸಂಜೆಯಾಗುವಷ್ಟರಲ್ಲಿ ಮರಿಬಸಪ್ಪನ ದನಿ ಪೂರ್ತಿ ಬಿದ್ದುಹೋಯಿತು. ನೀರು ಬೇಕೆಂದು ಸನ್ನೆ ಮಾಡಿದ. ಹುಣಸೆಹಣ್ಣು ತೆಗೆದುಕೊಳ್ಳಲು ಬಂದ ಎರ್ರಮ್ಮ ಅದನ್ನು ಕಂಡು, ಹರಳೆಣ್ಣೆ ಬಾಟಲಿಯ ಬಿರಡೆ ಕಿತ್ತು ಹತ್ತಿರ ಬಂದಳು.

"ಗಂಟ್ಲ ಒಣಗೈತಲ್ಲೋ ಕಂದಾ! ಬಾಯಿ ತೆಗಿ."