ಕದಲಿದ ಕೋಶಗಳಿಗೆ ನೋಟೀಸು

ಸಂಸ್ಥೆಯ ಸ್ವತ್ತು ಯಾವುದೇ ಆಗಲಿ, ಇಟ್ಟ ಜಾಗದಿಂದ ಅನುಮತಿಯಿಲ್ಲದೆ ಕದಲತಕ್ಕದ್ದಲ್ಲ. ಈ ನಿಯಮವನ್ನು ಮೊಟ್ಟಮೊದಲು ಮುರಿದದ್ದು ಪ್ರಯೋಗಾಲಯದ ಚರ್ಮದ ಜೀವಕೋಶಗಳು.

ಸಂಶೋಧಕಿ ಗಾಜಿನ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿ, ನಡುವೆ ಒಂದು ಗೀರೆಳೆದಿದ್ದಳು. ಗಾಯವಾದಾಗ ಅವು ಹೇಗೆ ನಡೆದುಬಂದು ಅದನ್ನು ಮುಚ್ಚುತ್ತವೆಂದು ನೋಡುವುದೇ ಅವಳ ಕೆಲಸ. ವಾರ್ಷಿಕ ತಪಾಸಣೆಗೆ ಬಂದ ದಾಸ್ತಾನು ಅಧಿಕಾರಿಗಳು ಸೂಕ್ಷ್ಮದರ್ಶಕದಲ್ಲಿ ಇಣುಕಿದರು. ಗೀರಿನ ಆಚೀಚೆ ಇರಬೇಕಾದ ಸ್ವತ್ತು ಗೀರಿನೊಳಗೇ ಇತ್ತು.

"ಏನಮ್ಮಾ ಇದು? ಯಾರನ್ನ ಕೇಳಿ ಹೊರಟವು?"

"ಯಾರನ್ನೂ ಕೇಳಲ್ಲ ಸಾರ್. ಅವಕ್ಕೆ ಜೀವ ಇದೆ."

"ಜೀವ ನಮಗೂ ಇದೆ. ನಾವೇನು ಕದಲ್ತೀವಾ?"

ಸಂಜೆಯೊಳಗೆ ಸಮಜಾಯಿಷಿ ಬರದಿದ್ದರೆ ತಟ್ಟೆಯನ್ನು ಫ್ರೀಜರಿಗೆ ಹಾಕಿ ಬೀಗ ಜಡಿಯತಕ್ಕದ್ದೆಂದು ಆದೇಶವಾಯಿತು. ಗೀರು ಮುಚ್ಚಲು ಕೂದಲೆಳೆಯಷ್ಟೇ ಬಾಕಿ. ಈಗ ತಣ್ಣಗಾದರೆ ವರ್ಷದ ದುಡಿಮೆ ನೀರಿನಲ್ಲಿ ಹೋಮ.

ಅವಳು ಅಧಿಕಾರಿಗಳ ಕಚೇರಿಗೆ ಓಡಿದಳು. ಬಾಗಿಲ ಬಳಿ ಇರಬೇಕಾದ ಅವರ ಮೇಜು ಕಿಟಕಿಯ ತಂಗಾಳಿಗೆ ಬಂದು ಕೂತಿತ್ತು. ಹಿಂದೆ ನೆಲದುದ್ದಕ್ಕೂ ಗೀಚು.

"ಸಾರ್, ನಿಮ್ಮ ಮೇಜು…"

"ಅದು ಕದಲಿಲ್ಲ! ಒಂದಿನ ಅದರ ಎಡಗಡೆ ಕಾಲು ಎಳ್ಕೊಂಡೆ, ಬಲಗಡೇದು ಇದ್ದಲ್ಲೇ ಇತ್ತು. ಮಾರನೇ ದಿನ ಬಲಗಡೇದು, ಎಡಗಡೇದು ಇದ್ದಲ್ಲೇ. ಮೇಜು ಪೂರ್ತಿ ಜಾಗ ಬಿಟ್ಟಿದ್ದು ಯಾವತ್ತು, ತೋರಿಸಮ್ಮಾ ನೋಡೋಣ."

"ಕೋಶಗಳದ್ದೂ ಅದೇ ಕಥೆ ಸಾರ್. ಮುಂದಕ್ಕೊಂದು ಪಾದ ಚಾಚಿ ನೆಲ ಕಚ್ಚುತ್ತವೆ. ಅಲ್ಲಿ ಹಿಡಿತ ಸಿಕ್ಕಿದ ಮೇಲೇ ಹಿಂದಿನದನ್ನ ಬಿಡಿಸಿ ಮೈ ಎಳ್ಕೊಳ್ಳೋದು."

ಅಧಿಕಾರಿಗಳು ಕನ್ನಡಕ ಒರೆಸಿದರು. "ಅಂದ್ರೆ, ಒಂದು ಕಡೆ ಊರಿಕೊಂಡೇ ಇರ್ತವೆ?"

"ಯಾವಾಗಲೂ."

"ಮೊದಲೇ ಹೇಳಬಾರದೇನಮ್ಮಾ! ಪಾಪ, ನಿಯಮ ತಿಳಿದ ಜೀವಗಳು."

ಸಂಜೆಗೇ ಸುತ್ತೋಲೆ ಹೊರಟಿತು: "ಒಂದು ಕಾಲನ್ನು ಊರಿಕೊಂಡು ಇನ್ನೊಂದನ್ನು ಸರಿಸುವುದನ್ನು ಚಲನೆಯೆಂದು ಪರಿಗಣಿಸತಕ್ಕದ್ದಲ್ಲ. ಇದು ಜೀವಕೋಶಗಳಿಗೂ ಸಿಬ್ಬಂದಿಗೂ ಸಮಾನವಾಗಿ ಅನ್ವಯಿಸುತ್ತದೆ."

ಕೋಶಗಳು ಗೀರನ್ನು ಮುಚ್ಚಿದವು. ಒಂದಕ್ಕೊಂದು ಮೈ ತಾಗಿದೊಡನೆ ಸಭ್ಯರಂತೆ ನಿಂತವು. ಅಷ್ಟರಲ್ಲಿ ಕಚೇರಿಯ ಮೇಜುಗಳೂ ಕಿಟಕಿಯತ್ತ ಹೊರಟಿದ್ದವು. ಕಟ್ಟಕಡೆಗೆ, ಸ್ವಲ್ಪ ನಾಚಿಕೊಂಡು, ಸಂಶೋಧಕಿಯದೂ. ಅವೂ ಒಂದಕ್ಕೊಂದು ತಾಗಿದ ಮೇಲೆಯೇ ನಿಂತವು.

ಈಗ ಬಾಗಿಲ ಬಳಿ ವಿಚಾರಿಸಲು ಯಾರೂ ಇಲ್ಲ. ಕೆಲಸವಿದ್ದವರು ಹೊರಗಿನಿಂದ ಕಿಟಕಿಗೆ ಏಣಿ ಹಾಕಿಕೊಂಡು ಬರುತ್ತಾರೆ. ಹತ್ತುವಾಗ ಒಂದು ಕಾಲನ್ನು ಊರಿಯೇ ಇನ್ನೊಂದನ್ನು ಎತ್ತುತ್ತಾರೆ. ಸಾರ್ವಜನಿಕರ ನಿಯಮಪಾಲನೆಯ ಬಗ್ಗೆ ಸಂಸ್ಥೆ ತೃಪ್ತಿ ವ್ಯಕ್ತಪಡಿಸಿದೆ.