ಓಸ್ಕರಿಯ ಮರಿಗೆ

ಮನೆಅಳಿಯನ ಕಷ್ಟ ಮನೆಅಳಿಯನಿಗೇ ಗೊತ್ತು. ಹೆಂಡತಿಯ ಹೊಲ, ಹೆಂಡತಿಯ ಹಸು, ಹೆಂಡತಿಯ ಅಜ್ಜನ ಕಾಲದ, ಸದಾ ಹಿಂದೆ ಬೀಳುವ ಗಡಿಯಾರ, ಇವನ್ನೆಲ್ಲ ತಾವೆತ್ತಿ ಇಪ್ಪತ್ತಾರು ವರ್ಷಗಳಲ್ಲಿ ಒಂದೊಂದಾಗಿ ಅರಗಿಸಿಕೊಂಡಿದ್ದ. ಅರಗದೆ ಉಳಿದದ್ದು ಒಂದೇ: ಹಬೆಸ್ನಾನದ ಸೌನಾದ ಹೊರಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಮರಿಗೆ.

ಆರಡಿ ಉದ್ದದ ಆಸ್ಪೆನ್ ಮರದ ದಿಮ್ಮಿಯನ್ನು ದೋಣಿಯಂತೆ ತೋಡಿ, ಒಂದು ತುದಿಗೆ ತೂತು ಕೊರೆದು ಬಿರಡೆ ಜಡಿದ ಮರಿಗೆ ಅದು. ಆ ಕಾಲದಲ್ಲಿ ಸರೋವರದ ಸುತ್ತಲಿನ ಮನೆಮನೆಯಲ್ಲೂ ಅಂಥದೊಂದಿತ್ತು. ತಳಕ್ಕೆ ಜುನಿಪರ್ ಸೊಪ್ಪು ಹಾಸಿ, ಮೇಲೆ ಹುಲ್ಲು ಹರಡಿ, ಮೊಳಕೆ ಬಾರ್ಲಿಯ ಬಿಸಿ ಗಂಜಿ ಸುರಿದು ಬಿರಡೆ ಸಡಿಲಿಸಿದರೆ ಕಂದುಬಣ್ಣದ ಸಿಹಿರಸ ದಾರದ ಹಾಗೆ ಇಳಿಯುತ್ತಿತ್ತು. ಅದು ಹುದುಗಿದರೆ ಸಾಹ್ತಿ. ಅಂಗಡಿಯ ಬಿಯರು ಬಾಯಾರಿಕೆಗೆ. ಮದುವೆಗೂ ನಾಮಕರಣಕ್ಕೂ ಹೆಣ ಹೂತು ಬಂದ ದಿನದ ಊಟಕ್ಕೂ ಸಾಹ್ತಿಯೇ. ಸಾಹ್ತಿ ತೆಳುವಾದ ಮನೆಗೆ ಹೆಣ್ಣು ಕೊಡಲು ಜನ ಎರಡು ಸಲ ಯೋಚಿಸುತ್ತಿದ್ದರು.

ಮರಿಗೆಯಲ್ಲಿ ದೋಷವೇನೂ ಇರಲಿಲ್ಲ. ಅದೇ ಅದರ ದೋಷ. ಅದನ್ನು ಕೆತ್ತಿದವನು ಓಸ್ಕರಿ ಎಂಬುದರಲ್ಲಿ ತಾವೆತ್ತಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮದುವೆಯಾಗಿ ಬಂದ ವಾರವೇ ಅತ್ತೆ ಹೇಳಿದ್ದಳು: "ಇದನ್ನ ಓಸ್ಕರಿ ಕುದುರೆ ಕಟ್ಟಿ ಹಿಮದಲ್ಲಿ ಎಳ್ಕೊಂಡು ಬಂದ ಕಣಪ್ಪ. ಎಂಥಾ ಹುಡುಗ!" ಹೀಗೆ ಹೇಳುವಾಗ ಅತ್ತೆ ಹೊಸ ಅಳಿಯನನ್ನು ನೋಡಿದ ನೋಟದಲ್ಲಿ ಹೋಲಿಕೆ ಇತ್ತು. ಓಸ್ಕರಿ ಎದುರು ದಡದವನು. ತಾವೆತ್ತಿಯ ಹೆಂಡತಿ ಸೈಮಿಯನ್ನು ಮದುವೆಗೆ ಮೊದಲು ಎರಡು ಬೇಸಿಗೆ ಕುಣಿತಕ್ಕೆ ಕರೆದುಕೊಂಡು ಹೋಗಿದ್ದವನು. (ಮೂರು ಬೇಸಿಗೆ ಎನ್ನುವವರೂ ಇದ್ದರು. ಅಂಥವರ ಹತ್ತಿರ ತಾವೆತ್ತಿ ಮಾತು ಬಿಟ್ಟಿದ್ದ.) ಈಗ ಅವನಿಗೆ ಬೊಜ್ಜು ಬಂದಿತ್ತು, ಕೂದಲು ಹೋಗಿತ್ತು. ಆದರೂ ಬಂದಾಗಲೆಲ್ಲ ಸಾಹ್ತಿ ಕುಡಿದು, ಬಾಯಿ ಒರೆಸಿಕೊಂಡು, "ಈ ಮರಿಗೆಯ ರುಚಿಯೇ ಬೇರೆ" ಎನ್ನುತ್ತಿದ್ದ. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವ ನಿರ್ಲಜ್ಜ!

ತಾವೆತ್ತಿ ಸಾಮಾನ್ಯನಲ್ಲ. ದೋಣಿ ಕಟ್ಟುವವನು. ಸರೋವರದಲ್ಲಿ ಆಗ ತೇಲುತ್ತಿದ್ದ ಹುಟ್ಟುದೋಣಿಗಳಲ್ಲಿ ಅರ್ಧಕ್ಕರ್ಧ ಅವನ ಕೈಯವು, ಒಂದೂ ಸೋರಿರಲಿಲ್ಲ. ಅಂಥವನ ಸೌನಾದಲ್ಲಿ ಬೇರೊಬ್ಬನ ಮರಿಗೆ!

ಮಾರ್ಚ್ ತಿಂಗಳಲ್ಲಿ ಮಗಳು ಮಾರ್ಕೆತ್ತಾಳ ಮದುವೆ ನಿಶ್ಚಯವಾಯಿತು. ಜೂನ್ ಕೊನೆಯ ಯುಹಾನ್ನುಸ್ ಹಬ್ಬದ ದಿನವೇ ಮದುವೆ, ಮನೆಯ ಅಂಗಳದಲ್ಲೇ. ಊರೆಲ್ಲ ಬರುತ್ತದೆ. ಓಸ್ಕರಿ ಬರುತ್ತಾನೆ. ಕುಡಿಯುತ್ತಾನೆ. ಬಾಯಿ ಒರೆಸಿಕೊಳ್ಳುತ್ತಾನೆ. ಮುಂದಿನ ಮಾತು ತಾವೆತ್ತಿಯ ಕಿವಿಯಲ್ಲಿ ಮಾರ್ಚ್‌ನಲ್ಲೇ ಕೇಳಿಸಿತು.

"ಮದುವೆ ಸಾಹ್ತಿಗೆ ಹೊಸ ಮರಿಗೆ ಬೇಕು," ಎಂದ.

ಸೈಮಿ ಕಾಫಿ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಹಳೇದಕ್ಕೇನು ರೋಗ?"

"ಹಳೇದಾಯ್ತು."

"ನೀನೂ ಹಳಬನಾದೆ. ನಾನು ಬದಲಾಯಿಸಿದ್ನಾ?"

"ಅದರ ತಳ ಸವೆದಿದೆ."

"ನಿನ್ನ ನೆತ್ತಿ ಸವೆದಿಲ್ವಾ?"

"ನೋಡು, ನನ್ನ ಮಗಳ ಮದುವೆ. ಸಾಹ್ತಿ ನನ್ನ ಕೈಯ ಮರಿಗೆಯಿಂದಲೇ ಇಳೀಬೇಕು. ಕಂಡೋರ ಕೈಯದ್ರಿಂದ ಅಲ್ಲ."

ಸೈಮಿ ಈಗ ತಲೆ ಎತ್ತಿದಳು. ಒಲೆಗೆ ಕೊಳ್ಳಿ ಹಾಕಬೇಕೋ ಬೇಡವೋ ಎಂದು ನೋಡುವ ಹಾಗೆ ಗಂಡನನ್ನು ನೋಡಿದಳು. "ಕಂಡೋರ ಕೈಯದು," ಎಂದಳು. "ಸರಿ, ಕೆತ್ತು. ಯಜಮಾನ್ರು ಮನಸ್ಸು ಮಾಡಿದ ಮೇಲೆ ಬೇಡ ಅನ್ನೋಕೆ ನಾನ್ಯಾರು?" (ಕಡಿಯಬೇಕಾದ ಮರ ನಿಂತಿದ್ದದ್ದು ಅವಳ ಕಾಡಿನಲ್ಲಿ.)

ಮರ ಬಿತ್ತು, ದಿಮ್ಮಿ ದೋಣಿಮನೆಗೆ ಬಂತು. ಅಳತೆಗೆಂದು ತಾವೆತ್ತಿ ಹಳೆಯ ಮರಿಗೆಯನ್ನೂ ತಂದು ಬೆಳಕಿಗೆ ಮಲಗಿಸಿದ. ಇಪ್ಪತ್ತಾರು ವರ್ಷ ಕೆಂಗಣ್ಣಿನಿಂದ ನೋಡಿದ್ದನೇ ಹೊರತು ಅದನ್ನು ಕೈಯಿಂದ ಮುಟ್ಟಿ ನೋಡಿರಲಿಲ್ಲ. ಒಳಮೈ ಮೇಲೆ ಬಾಚಿಯ ಏಟುಗಳು ಮೀನಿನ ಹುರುಪೆಯಂತೆ ಸಾಲುಸಾಲಾಗಿದ್ದವು. ಎರಡು ಪಕ್ಕಗಳೂ ಒಂದೇ ದಪ್ಪ, ಮೊಟ್ಟೆಯ ಓಡಿನ ಹಾಗೆ. ಅಕ್ಕಪಕ್ಕ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ತಾವೆತ್ತಿ, "ಕಳ್ಳನಿಗೆ ಕೈ ಇದೆ," ಎಂದ.

ಆಮೇಲೆ ತನ್ನ ಬಾಚಿಯನ್ನು ಒಂದು ಗುರುತಿನಲ್ಲಿ ಇಟ್ಟು ನೋಡಿದ. ಕೂರಲಿಲ್ಲ. ಮಣಿಕಟ್ಟು ತಿರುಚಿದ, ಆಚೆ ಬದಿಗೆ ಹೋಗಿ ನಿಂತ, ಕಾಲು ಬದಲಾಯಿಸಿದ. ಗುರುತುಗಳೆಲ್ಲ ಉಲ್ಟಾ ದಿಕ್ಕಿಗೆ ವಾಲಿದ್ದವು. ಕೊನೆಗೆ ಬಾಚಿಯನ್ನು ಎಡಗೈಗೆ ತೆಗೆದುಕೊಂಡ. ಅಲಗು ಹೋಗಿ ಸರಿಯಾಗಿ ಕೂತಿತು.

"ಎಡಚ!" ಎಂದು ತಾವೆತ್ತಿ ಕೂಗಿದ. ಇಷ್ಟು ವರ್ಷಕ್ಕೆ ಓಸ್ಕರಿಯಲ್ಲಿ ಒಂದು ಊನ ಸಿಕ್ಕಿತ್ತು. ಅದನ್ನು ಯಾರಿಗೂ ಹೇಳದೆ, ಒಳ್ಳೆಯ ಬೆಣ್ಣೆಯನ್ನು ಹಬ್ಬಕ್ಕೆ ಎತ್ತಿಡುವಂತೆ ಎತ್ತಿಟ್ಟ.

ಮುಂದಿನದು ಮಹಾಯಜ್ಞ. ಮರಿಗೆಯ ಜೊತೆಗೆ ಗಂಜಿ ಕಲಕಲು ಹೊಸ ಹುಟ್ಟು, ಹೊಸ ಬಿರಡೆ, ಮರಿಗೆ ಕೂರಿಸಲು ಹುಂಜದ ತಲೆ ಕೆತ್ತಿದ ನಾಲ್ಕು ಕಾಲಿನ ಪೀಠ, ಎಲ್ಲವೂ ಸಿದ್ಧವಾದವು. ಹಳೆಯ ಮರಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತು ಹೊಸದನ್ನು ಕೆತ್ತುವ ಸುಖ ಬೇರೆ ಇತ್ತು.

ಒಂದೇ ತೊಡಕು. ಹಸಿ ಮರ ನೆರಳಿನಲ್ಲಿ ನಿಧಾನವಾಗಿ ವರ್ಷಗಟ್ಟಲೆ ಒಣಗಬೇಕು. ಮೇ ತಿಂಗಳು ಆಗಲೇ ಬಂದಿತ್ತು. ಆದರೆ ತಾವೆತ್ತಿ ಹುಟ್ಟಿದ ನಾಡಿನಲ್ಲಿ ನೆಗಡಿಗೆ ಸೌನಾ, ಬೆನ್ನುನೋವಿಗೆ ಸೌನಾ, ಹೆರಿಗೆಗೆ ಸೌನಾ. ಮರಕ್ಕೇಕೆ ಬೇಡ? ಮೂರು ಶನಿವಾರ ಮರಿಗೆ ಸೌನಾದ ಮೇಲಿನ ಮೆಟ್ಟಿಲ ಮೇಲೆ ಅಂಗಾತ ಮಲಗಿ ಬೆವರಿತು.

"ಅಪ್ಪಾ, ನಾವೆಲ್ಲಿ ಕೂತ್ಕೊಳ್ಳೋದು?" ಎಂದಳು ಮಾರ್ಕೆತ್ತಾ.

"ಕೆಳಗೆ ಕೂತ್ಕೋ. ನಿನ್ನ ಮದುವೇದೇ ಕೆಲಸ ನಡೀತಿರೋದು."

ಮೂರನೆಯ ಶನಿವಾರ ಒಳಗಿನಿಂದ ಕೋವಿ ಹಾರಿಸಿದ ಸದ್ದು ಬಂತು. "ಏನದು?" ಎಂದು ಸೈಮಿ ಅಂಗಳದಿಂದ ಕೇಳಿದಳು. "ಗೋಡೆ," ಎಂದ ತಾವೆತ್ತಿ. ಮರಿಗೆಯ ತಳದಲ್ಲಿ ತುದಿಯಿಂದ ತುದಿಗೆ ಕೂದಲೆಳೆಯಂಥ ಬಿರುಕು. ದೋಣಿಯವನಿಗೆ ಬಿರುಕೆಂದರೆ ಭಯವೇ? ಸೈಮಿ ಹಾಲು ಕರೆಯಲು ಹೋದಾಗ ನಾರು ತುರುಕಿ, ದೋಣಿಗೆ ಬಳಿಯುವ ಕೀಲೆಣ್ಣೆ ಬಳಿದು, ಮೇಲೆ ಉಜ್ಜಿ ಒರೆಸಿ, ಏನೂ ಆಗಿಲ್ಲವೆಂಬಂತೆ ಸಿಳ್ಳೆ ಹಾಕುತ್ತ ಬಂದ. (ಮದುವೆಯಾದ ಮೇಲೆ ಅವನು ಸಿಳ್ಳೆ ಹಾಕಿದ್ದು ನಾಲ್ಕು ಸಲ. ನಾಲ್ಕು ಸಲವೂ ಏನೋ ಆಗಿತ್ತು.)

ಮದುವೆಗೆ ಹತ್ತು ದಿನ ಮೊದಲು ಸಾಹ್ತಿ ಇಳಿಸುವ ದಿನ. ಹಿಂದಿನ ವರ್ಷದ ಬಾರ್ಲಿಯನ್ನು ಸೈಮಿಯೇ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿಟ್ಟಿದ್ದಳು. ಇದು ಹಾಳಾದರೆ ಇನ್ನೊಂದು ಹಿಡಿ ಇರಲಿಲ್ಲ; ಮಗಳ ಮದುವೆಗೆ ಅಂಗಡಿ ಬಿಯರು ತರಬೇಕಾದ ಮೊದಲ ಮನೆ ಎಂಬ ಹೆಸರು ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತಿತ್ತು. ಬೆಳಗಿನಿಂದ ಅವಳು ಹಂಡೆಯ ಮುಂದೆ ನಿಂತು, ಎಡಗೈ ಮೇಲೆ, ಬಲಗೈ ಕೆಳಗೆ ಹುಟ್ಟು ಹಿಡಿದು ಗಂಜಿ ತಿರುವಿದಳು. ಸೊಪ್ಪು ಹಾಸಿ, ಹುಲ್ಲು ಹರಡಿ, ಎರಡು ಬಕೀಟು ಗಂಜಿ ಹೊಸ ಮರಿಗೆಗೆ ಸುರಿದಳು.

"ಏನೋ ವಾಸನೆ," ಎಂದಳು ಮಾರ್ಕೆತ್ತಾ.

"ಜುನಿಪರ್‌ದು," ಎಂದ ತಾವೆತ್ತಿ.

"ಜುನಿಪರ್ ವಾಸನೆ ನಾನು ಐವತ್ತು ವರ್ಷದಿಂದ ಕುಡೀತಿದ್ದೀನಿ," ಎಂದಳು ಸೈಮಿ. "ಇದು ದೋಣಿ."

ಬಿಸಿಗೆ ಕೀಲೆಣ್ಣೆ ಕರಗಿತ್ತು. ಮರಿಗೆ ಎರಡು ಕಡೆ ಅಳತೊಡಗಿತು: ಬಿರಡೆಯಿಂದ ಕಂದು, ಬಿರುಕಿನಿಂದ ಕಪ್ಪು. ನಾಲ್ಕು ಹುಂಜಗಳ ತಲೆಯ ಮೇಲೂ ರಸ ತೊಟ್ಟಿಕ್ಕಿತು.

"ಜೀವಮಾನವೆಲ್ಲ ದೋಣಿಯೊಳಗೆ ನೀರು ಬರದ ಹಾಗೆ ನೋಡ್ಕೊಂಡೆ ನೀನು," ಎಂದಳು ಸೈಮಿ. "ಒಂದು ದಿನ ರಸ ಹೊರಗೆ ಹೋಗದ ಹಾಗೆ ನೋಡ್ಕೊಳ್ಳೋಕಾಗ್ಲಿಲ್ವಾ? ಹಳೇದೆಲ್ಲಿ?"

"ದೋಣಿಮನೇಲಿ. ಅದರ ಮೇಲೆ ಕೂತ್ಕೊತೀನಿ."

"ಇನ್ನು ನಿಂತ್ಕೋ."

ತಾಯಿ ಮಗಳು ಹಳೆಯದನ್ನು ಹೊತ್ತು ತಂದು, ಉಜ್ಜಿ, ಕುದಿಯುವ ನೀರು ಕುಡಿಸಿದರು. ಉಳಿದ ಗಂಜಿಯೆಲ್ಲ ಅದಕ್ಕೆ ಹೋಯಿತು. ಬಿರಡೆ ಸಡಿಲಿಸಿದಾಗ ರಸ ದಾರದಂತೆ ಇಳಿಯಿತು. ಬೇರೆಲ್ಲೂ ಒಂದು ಹನಿ ಇಲ್ಲ. ಹೊಸ ಮರಿಗೆಯಿಂದ ಇಳಿದ ರಸವನ್ನೂ ಸೈಮಿ ಚೆಲ್ಲಲಿಲ್ಲ. ಬೇರೆ ಪೀಪಾಯಿಗೆ ಹಾಕಿ ಹುದುಗಲು ಬಿಟ್ಟಳು. "ಇದು ಯಜಮಾನ್ರಿಗೆ," ಎಂದಳು.

ಮದುವೆಯ ದಿನ ಬಾಗಿಲ ಎರಡೂ ಬದಿಗೆ ಎಳೆಯ ಬರ್ಚ್ ಮರ ನೆಟ್ಟಿದ್ದರು. ಅಂಗಳದ ಉದ್ದಕ್ಕೂ ಮೇಜು, ಹೊಗೆ ಹಾಕಿದ ಮೀನು, ಮೊಟ್ಟೆ ಹಾಲಿನ ಗಿಣ್ಣು, ಎರಡು ಹಿಡಿಯ ಮರದ ಕುಡಿಕೆಯಲ್ಲಿ ಕೈಯಿಂದ ಕೈಗೆ ಸಾಗುವ ಸಾಹ್ತಿ. ಈಗ ಅಂಥ ಮದುವೆಗಳು ನಡೆಯುವುದಿಲ್ಲ. ಒಂದೇ ಕುಡಿಕೆಗೆ ಐವತ್ತು ಜನ ಬಾಯಿ ಇಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಆದರೆ ಕುಡಿಕೆ ತನ್ನ ಹತ್ತಿರ ಬರುವವರೆಗೆ ಪಕ್ಕದವನ ಮುಖ ನೋಡುತ್ತ ಕಾಯಬೇಕಿತ್ತು. ಹಾಗಾಗಿ ಜನಕ್ಕೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿತ್ತು.

ಕುಡಿಕೆ ಓಸ್ಕರಿಯ ಹತ್ತಿರ ಬಂತು. ಕುಡಿದ. ಬಾಯಿ ಒರೆಸಿಕೊಂಡ. "ಈ ಮರಿಗೆಯ ರುಚಿಯೇ ಬೇರೆ!"

ಅಷ್ಟರಲ್ಲಿ ತಾವೆತ್ತಿ ತನ್ನ ಪಾಲಿನ ಕಪ್ಪು ಸಾಹ್ತಿಯನ್ನು ಹಟಕ್ಕೆ ಮೂರು ಲೋಟ ಏರಿಸಿದ್ದ. ದೋಣಿ ನೆಕ್ಕಿದ ಹಾಗಿದ್ದರೂ ಅದರಲ್ಲಿ ಕಸುವಿತ್ತು. ಎದ್ದು ನಿಂತ.

"ಓಸ್ಕರಿ, ಒಪ್ಕೊಂಡೆ ಕಣೋ! ನಿನ್ನ ಮರಿಗೆ ಗೆದ್ದಿತು. ಆದ್ರೆ ಊರಿಗೆಲ್ಲ ಗೊತ್ತಾಗ್ಲಿ, ಅದು ಎಡಚನ ಕೆಲಸ! ಗುರುತು ಗುರುತಲ್ಲೂ ಎಡಗೈ!"

ಓಸ್ಕರಿ ಮೀನು ಚುಚ್ಚಿದ್ದ ಚಾಕು ಹಿಡಿದು ಬಾಯಿ ತೆರೆದುಕೊಂಡೇ ಕೂತ. ಚಾಕು ಬಲಗೈಯಲ್ಲಿತ್ತು. "ನನ್ನ ಮರಿಗೆಯಾ? ನಾನು ಸೌದೆ ಸೀಳಿದ್ರೂ ನನ್ನ ಬೂಟೇ ಸೀಳೋದು ಮಾರಾಯಾ. ನಾನು ದಿಮ್ಮಿ ಎಳ್ಕೊಂಡು ಬಂದೆ ಅಷ್ಟೆ. ಯುದ್ಧದಲ್ಲಿ ಗುಂಡು ತಗುಲಿ ಬಲಗೈ ಕುತ್ತಿಗೆಗೆ ನೇತಾಕ್ಕೊಂಡಿದ್ದೆ. ನಿಜ ಹೇಳಬೇಕಂದ್ರೆ ಎಳೆದದ್ದೂ ಕುದುರೆ."

"ಮತ್ತೆ ಕೆತ್ತಿದ್ಯಾರು?"

ಊರಿನ ಹಳಬರೆಲ್ಲ ಮೇಜಿನ ತುದಿಗೆ ನೋಡಿದರು. ಅಲ್ಲಿ ಸೈಮಿ ದೊಡ್ಡ ರೈ ರೊಟ್ಟಿಯನ್ನು ಎದೆಗೆ ಒತ್ತಿಕೊಂಡು ಹೋಳು ಮಾಡುತ್ತಿದ್ದಳು. ಚಾಕು ಹಿಡಿದ ಎಡಗೈ ನಿಲ್ಲಲಿಲ್ಲ. ಇಪ್ಪತ್ತಾರು ವರ್ಷ ಆ ಕೈ ಬಡಿಸಿದ್ದನ್ನು ತಿಂದವನು, ಆ ಕೈಯನ್ನು ಅಂದು ಮೊದಲ ಸಲ ನೋಡಿದ.

"ಅಪ್ಪ ಗಡೀಲಿದ್ರು," ಎಂದಳು ಅವಳು. "ಮನೇ ಮರಿಗೆ ಒಡೆದಿತ್ತು. ಅವರು ರಜಕ್ಕೆ ಬಂದಾಗ ಸಾಹ್ತಿ ಇರ್ಲೇಬೇಕು ಅಂತ ಅಮ್ಮನ ಹಟ. ಊರಲ್ಲಿ ಗಂಡಸರಿರ್ಲಿಲ್ಲ. ಬಾಚಿ ಇತ್ತು, ಕೆತ್ತಿದೆ." ಒಂದು ಹೋಳು ಕತ್ತರಿಸಿದಳು. "ಅಪ್ಪ ಬಂದ್ರು, ಕುಡಿದ್ರು, ಚೆನ್ನಾಗಿದೆ ಅಂದ್ರು. ಆಮೇಲೆ ಹೋದೋರು ಬರ್ಲಿಲ್ಲ. ರೊಟ್ಟಿ ಯಾರಿಗೆ?"

ತಾವೆತ್ತಿ ಲೋಟ ಕೆಳಗಿಟ್ಟ. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ಮರಿಗೇನ ದುರುಗುಟ್ಟಿ ನೋಡಿ ಹೋಗಿ ಊಟದ ಮೇಜು ಮಾಡಿದೆ. ಓಸ್ಕರಿ ಕ್ರಿಸ್‌ಮಸ್ಸಿಗೆ ಬಂದು ಹೋದ, ನೆಲಮಾಳಿಗೆಗೆ ಮೆಟ್ಟಿಲಾಯ್ತು. ಅವನು ಸಾಹ್ತಿ ಹೊಗಳಿದ ವರ್ಷ ತೊಟ್ಟಿಲಾಯ್ತು. ಕೊಟ್ಟಿಗೆ ಸೂರು ಸೋರ್ತಿದ್ದಾಗ ಎರಡು ವರ್ಷ ಹೇಳಿದೆ, ನೀನು ಏಳ್ಲಿಲ್ಲ. ಕೊನೆಗೆ ನಾನೇ ಓಸ್ಕರೀನ ಊಟಕ್ಕೆ ಕರೆದೆ. ಮಾರನೇ ದಿನವೇ ಏಣಿ ಹತ್ತಿದೆಯಲ್ಲ!"

ಅಂಗಳವೆಲ್ಲ ನಕ್ಕಿತು. ಮದುಮಗಳು ನಗುವುದು ಅಶುಭವೆಂದು ಯಾರೋ ಹೇಳುವವರೆಗೆ ಮಾರ್ಕೆತ್ತಾ ನಕ್ಕಳು, ಹೇಳಿದ ಮೇಲೆ ಇನ್ನೂ ಜೋರಾಗಿ ನಕ್ಕಳು.

ಹೊಸ ಮರಿಗೆಗೆ ಸೈಮಿ ಮಣ್ಣು ತುಂಬಿ ಈರುಳ್ಳಿ ಹಾಕಿದಳು. ಮೂರು ವರ್ಷ ಅವರ ಮನೆಯ ಈರುಳ್ಳಿಗೆ ದೋಣಿಯ ವಾಸನೆ ಇತ್ತು. ಆದರೆ ತಾವೆತ್ತಿಯ ನಿಜವಾದ ನಷ್ಟ ಅದಲ್ಲ. ಗುಟ್ಟು ಹೊರಬಿದ್ದ ಮೇಲೆ ಸೈಮಿ ಸಂಜೆ ಕಾಫಿ ಬಟ್ಟಲು ಹಿಡಿದು ದೋಣಿಮನೆಗೆ ಬರತೊಡಗಿದಳು. "ಆ ಪಕ್ಕೆಹಲಗೆ ದಪ್ಪ," ಎನ್ನುವಳು. ಅವನು ಇಲ್ಲವೆನ್ನುವನು. ಅಳೆದರೆ ದಪ್ಪವೇ. ಕೆರೆಯಾಚೆ ಒಬ್ಬ ಎದುರಾಳಿ ಇದ್ದಾಗ ಮನುಷ್ಯ ರಾತ್ರಿಯಾದರೂ ನೆಮ್ಮದಿಯಾಗಿ ಮಲಗಬಹುದು. ಎದುರಾಳಿ ಪಕ್ಕದಲ್ಲೇ ಮಲಗಿದ್ದರೆ?

ಆ ಬೇಸಿಗೆ ತಾವೆತ್ತಿ ಆಗಾಗ ದೋಣಿ ಹತ್ತಿ ಎದುರು ದಡಕ್ಕೆ ಹೋಗುತ್ತಿದ್ದ. ಓಸ್ಕರಿಯ ಮುರುಕು ದೋಣಿಕಟ್ಟೆಯನ್ನು ಕೇಳದೆಯೇ ರಿಪೇರಿ ಮಾಡಿದ. ಓಸ್ಕರಿ ಬಂಡೆಯ ಮೇಲೆ ಕೂತು, "ಎಂಥಾ ಕೈ ಮಾರಾಯಾ ನಿಂದು!" ಎನ್ನುತ್ತಿದ್ದ. ಮರದ ಗಂಧಗಾಳಿಯೂ ಗೊತ್ತಿಲ್ಲದ ಅಂಥ ಒಬ್ಬ ಗೆಳೆಯ ಎಲ್ಲರಿಗೂ ಬೇಕು. ಇಬ್ಬರೂ ಕಪ್ಪು ಸಾಹ್ತಿಯ ಪೀಪಾಯಿಯನ್ನು ಖಾಲಿ ಮಾಡಿದರು. ಓಸ್ಕರಿ ಅದನ್ನೂ ಹೊಗಳಿದ.

ಆಗಸ್ಟಿನ ಒಂದು ಮಧ್ಯಾಹ್ನ ತಾವೆತ್ತಿ ಮನೆಗೆ ಮರಳಿದಾಗ ಸೈಮಿ ಅಂಗಳದಲ್ಲಿ ನಿಂತು ಕೊಟ್ಟಿಗೆಯ ಕಡೆ ನೋಡುತ್ತಿದ್ದಳು. ಬಾಗಿಲು ಒಂದೇ ತಿರುಗಣೆಯಲ್ಲಿ ಜೋತಾಡುತ್ತಿತ್ತು.

"ಓಸ್ಕರಿ ಈಗ ನಿನ್ನ ಗೆಳೆಯ ಆಗ್ಬಿಟ್ಟ," ಎಂದಳು. "ಇನ್ನು ಯಾರನ್ನ ಊಟಕ್ಕೆ ಕರೀಲಿ ಅಂತ ಯೋಚಿಸ್ತಿದ್ದೀನಿ. ಎರಡನೇ ಬೇಸಿಗೆ ನನ್ನ ಕುಣಿತಕ್ಕೆ ಕರ್ಕೊಂಡು ಹೋದೋನು ಓಸ್ಕರಿ ಅಲ್ಲ, ಬೇರೆ ಯಾರೋ ಇದ್ದ. ಹೆಸರು ನೆನಪಾಗ್ತಿಲ್ಲ."

ತಾವೆತ್ತಿ ಉಳಿಪೆಟ್ಟಿಗೆ ತರಲು ಹೋದ.